ಹದಿನಾಲ್ಕನೇ ಹಾಳೆ

ದುಪ್ಪಟಿಯ ಎರಡು ಮೂಲೆ ಹುಡುಗಿಯ ಕೈಯಲ್ಲಿ, ಎರಡು ಇಸ್ತ್ರಿ ಅಕ್ಕನ ಕೈಯಲ್ಲಿ. ಇಬ್ಬರೂ ಮಾತಿಲ್ಲದೆ ಹತ್ತಿರ ಬಂದರು, ಮೂಲೆಗೆ ಮೂಲೆ ಕೂಡಿಸಿದರು, ದೂರ ಸರಿದರು. ಆಸ್ಪತ್ರೆಯ ಬಟ್ಟೆ ಒಗೆಯುವ ಆ ಕೋಣೆಯಲ್ಲಿ ದಿನಕ್ಕೆ ಇನ್ನೂರು ದುಪ್ಪಟಿ ಹೀಗೇ ಮಡಿಕೆಯಾಗುತ್ತಿದ್ದವು. ಅಕ್ಕನ ಮಡಿಕೆ ಎಂದರೆ ಗೆರೆ ಎಳೆದ ಹಾಗೆ. ಆದರೆ ಎರಡು ವಾರದಿಂದ ಅವಳ ಮೂಲೆಗಳು ಕೂಡುತ್ತಿರಲಿಲ್ಲ. ಹುಡುಗಿ ನೋಡಿದ್ದಳು, ಕೇಳಿರಲಿಲ್ಲ. ಬಾಯಿ ಬಿಡುವುದು ಅವಳ ಜಾಯಮಾನವೇ ಅಲ್ಲ.

ಅವತ್ತು ಮನಸ್ಸಿನ ಬಗ್ಗೆ ಸಂಶೋಧನೆ ಮಾಡುವ ಮೇಡಂ ಬಂದು ಪ್ರಶ್ನೆಯ ಹಾಳೆ ಹಂಚಿದರು. ಹಾಳೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ.

"ಒಬ್ಬೊಬ್ರೇ ಕೂತು ತುಂಬಿ. ಪಕ್ಕದವರಿಗೆ ತೋರಿಸ್ಬೇಡಿ," ಎಂದು ಹೇಳಿ ಹೋದರು.

ಓದು ಬರುತ್ತಿದ್ದುದು ಹುಡುಗಿಯೊಬ್ಬಳಿಗೇ, ಅದೂ ಆರನೇ ಕ್ಲಾಸಿನ ತನಕ. ಹಾಗಾಗಿ ಎಲ್ಲರೂ ಊಟದ ಮೇಜಿನ ಸುತ್ತ ಬೆಂಚಿನ ಮೇಲೆ ಕೂತರು. ಅವಳು ಗಟ್ಟಿಯಾಗಿ ಓದುವುದು, ಅವರು ಹೇಳುವುದು, ಅವಳು ಗುರುತು ಹಾಕುವುದು. ಗುಟ್ಟಿನ ಹಾಳೆ ಸಂತೆಯಾಯಿತು.

"ನಿದ್ದೆ ಸರಿಯಾಗಿ ಬರುತ್ತದೆಯೇ?"

"ಮೇಸ್ತ್ರಿ ಎದುರಿಗಿದ್ರೆ ಮಾತ್ರ ಬರಲ್ಲ ಅಂತ ಬರಿ," ಎಂದಳು ಬಟ್ಟೆಗೆ ಸೋಪು ಹಾಕುವ ದೊಡ್ಡಮ್ಮ.

"ನಿನ್ನ ಗೊರಕೆಗೆ ಮಿಷನ್ನೇ ಹೆದರುತ್ತೆ, ಸುಮ್ನಿರು!" ಎಂದು ಯಾರೋ ಕಿಚಾಯಿಸಿದರು.

ಒಂಬತ್ತನೇ ಪ್ರಶ್ನೆಗೆ ಹುಡುಗಿಯ ದನಿ ಸಣ್ಣದಾಯಿತು. "ಬದುಕೇ ಬೇಡ ಎಂದು ಅನಿಸಿದ್ದುಂಟೇ? ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ."

"ನಮ್ಮ ಯಜಮಾನ್ರ ಮುಖ ನೋಡಿದಾಗೆಲ್ಲ!" ಎಂದಳು ದೊಡ್ಡಮ್ಮ.

ಬೆಂಚೆಲ್ಲ ನಕ್ಕಿತು. ಇಸ್ತ್ರಿ ಅಕ್ಕನೂ ನಕ್ಕಳು, ಎಲ್ಲರೂ ನಕ್ಕು ಮುಗಿಸಿದ ಮೇಲೆ. ತನ್ನ ಸರದಿ ಬಂದಾಗ, "ಎಂದೂ ಇಲ್ಲ ಅಂತ ಹಾಕಮ್ಮ," ಎಂದಳು. ಮೇಜಿನ ಮೇಲಿದ್ದ ಒರೆಸುವ ಬಟ್ಟೆಯನ್ನು ಅವಳ ಕೈ ಮಡಚುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಮಡಚುತ್ತಿತ್ತು.

ಅಕ್ಕನದು ಹದಿನಾಲ್ಕನೇ ಹಾಳೆ; ಓದು ಬಾರದಿದ್ದರೂ ಅಂಕಿ ಅವಳಿಗೆ ಗೊತ್ತಿತ್ತು. ಹುಡುಗಿ 'ಆಗಾಗ' ಎಂಬಲ್ಲಿ ಗುರುತು ಹಾಕಿದಳು. ದೊಡ್ಡವರಿಗೆ ಅವಳು ಎದುರಾಡಿದ್ದು ಅದೇ ಮೊದಲು, ಅದೂ ಪೆನ್ಸಿಲಿನಲ್ಲಿ.

ಮರುದಿನ ಬೆಳಿಗ್ಗೆಯೇ ಮೇಡಂ ಬಾಗಿಲಲ್ಲಿ ನಿಂತಿದ್ದರು.

"ಕೆಲವ್ರನ್ನ ಒಬ್ಬೊಬ್ರನ್ನೇ ಕೂರಿಸ್ಕೊಂಡು ಮಾತಾಡ್ಬೇಕು. ಹದಿನಾಲ್ಕನೇ ನಂಬರು ಯಾರದು?"

"ಯಾರಿಗೋ ಲಾಟರಿ ಹೊಡೀತು ನೋಡ್ರೇ," ಎಂದಳು ದೊಡ್ಡಮ್ಮ. ಈ ಸಲ ಯಾರೂ ನಗಲಿಲ್ಲ.

ದುಪ್ಪಟಿಯ ಆಚೆ ತುದಿಯಿಂದ ಅಕ್ಕ ಹುಡುಗಿಯನ್ನೇ ನೋಡಿದಳು. "ನಾನು ಹೇಳಿದ್ದು ಅದಲ್ಲ," ಎಂದಳು, ತುಟಿ ಅಲುಗದ ಹಾಗೆ.

"ಗೊತ್ತು."

"ಮತ್ತೆ?"

ಹುಡುಗಿ ದುಪ್ಪಟಿಯ ಕಡೆ ನೋಡಿದಳು. ಇಬ್ಬರ ನಡುವೆ ಅದು ಒಂದು ಪಕ್ಕಕ್ಕೆ ಜಾರಿ, ಅಂಚು ನೆಲಕ್ಕೆ ತಾಗಿತ್ತು. ಬಾಗಿಲಲ್ಲಿ ಮೇಡಂ ಇನ್ನೂ ಕಾಯುತ್ತಿದ್ದರು. ಹುಡುಗಿ ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದಳು.

"ಅಕ್ಕಾ, ಆ ತುದಿ ನನಗೆ ಕೊಡು. ಒಬ್ಬಳೇ ಮಡಚ್ತೀನಿ. ನೀನು ಹೋಗಿ ಬಾ."