ಹೊಗೆಯ ಅಳತೆ

“ಬೀಗ ಆಮ್ಯಾಗ ಹಾಕ್ರಿ ಸಾಹೇಬ್ರ, ಒಲಿ ಮ್ಯಾಲ ಬಾಣಲಿ ಅದ. ಉಸುಕು ಕಾದು ಕೆಂಡ ಆಗ್ಯಾದ. ಇಳಿಸಾಕರ ಬಿಡ್ರಿ,” ಎಂದು ಭಟ್ಟಿಯ ಒಡತಿ ಖತೀಜಾ ಬೀ ಮತ್ತೊಮ್ಮೆ ಕೇಳಿದಳು.

ಪಂಚನಾಮೆ ಬರೆಯುತ್ತಿದ್ದವನು ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನೇ ಕನಿಕರಪಟ್ಟು, “ಲಗೂನ ಮುಗಸ್ರಿ,” ಎಂದ. ಒಳಗಿದ್ದ ಕೆಲಸದಾಕೆ ಗೋಪಮ್ಮ ಗೋಣಿತಟ್ಟು ಹಿಡಿದು ಬಾಣಲೆಯನ್ನು ಒಲೆಯಿಂದ ಎಳೆದಳು. ಅರಳಿ ಮಂಡಾಳು, ಅಂದರೆ ಮಂಡಕ್ಕಿ, ಆಗಬೇಕಿದ್ದ ಅಕ್ಕಿ ಉಸುಕಿನೊಳಗೇ ಕರಕಲಾಗಿ ಕೂತಿತ್ತು. ಗೋಪಮ್ಮ ಹೊರಗೆ ಬಂದದ್ದೇ ತಡ, ಬಾಗಿಲು ಎಳೆದು, ಬೀಗ ಜಡಿದು, ಬಟ್ಟೆ ಸುತ್ತಿ ಅರಗು ಹಚ್ಚಿದರು. ಆಚೆ ಈಚೆಯ ಮಂಡಾಳು ಭಟ್ಟಿಗಳಿಗೆ ಬೆಳಿಗ್ಗೆಯೇ ಅರಗು ಬಿದ್ದಿತ್ತು. ಮಾನ್ವಿಯ ಆ ಓಣಿಯಲ್ಲಿ ಹೊತ್ತು ಇಷ್ಟು ಏರಿದ ಮೇಲೂ ಆಕಾಶ ನೀಲಿಯಾಗಿ ಕಂಡದ್ದು ಅಂದೇ.

ಮೇಘಾ ರಾಯಚೂರಿನ ಬಸ್ಸಿಳಿದು, ಬಸ್‌ಸ್ಟ್ಯಾಂಡಿನ ಎದುರು ಬಿಸಿ ಜಿಲೇಬಿ ಕಟ್ಟಿಸಿಕೊಂಡು ಬಂದಿದ್ದಳು. ಓಣಿಯ ತಿರುವಿನಲ್ಲಿ ಜನ ಗುಂಪುಗೂಡಿದ್ದನ್ನು ಕಂಡು, ಯಾರಿಗೋ ಏನೋ ಆಯಿತೆಂದು ಓಡುತ್ತ ಬಂದಳು. ಖತೀಜಾ ಬೀ ಅವಳನ್ನು ನೋಡಿ, “ಬಂದಿ ಏನು ಬೇಟಿ? ನೋಡು, ಲೇಔಟಿನ ಮಂದಿ ಕಡೀಗೂ ಮಾಡೇಬಿಟ್ರು,” ಎಂದಳು. ಭಟ್ಟಿಗಳ ಹಿಂದಿನ ಹೊಲದಲ್ಲಿ ಎದ್ದ ಹೊಸ ಲೇಔಟಿನವರು ಹೊಗೆಯ ಮೇಲೆ ವರ್ಷಗಳಿಂದ ಅರ್ಜಿ ಕೊಡುತ್ತಲೇ ಇದ್ದರು. ಇಷ್ಟು ದಿನ ಏನೂ ಆಗಿರಲಿಲ್ಲ.

ಬರೆಯುವುದನ್ನು ಮುಗಿಸಿದವನು ನಿಯಮದಂತೆ ಗಟ್ಟಿಯಾಗಿ ಓದಿದ. ಸದರಿ ಓಣಿಯ ಭಟ್ಟಿಗಳಲ್ಲಿ ಹೊಗೆಯನ್ನು ವೈಜ್ಞಾನಿಕವಾಗಿ ಅಳೆಯಲಾಗಿದ್ದು, ಮುಂಜಾನೆಯ ವೇಳೆ, ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ, ಮಿತಿಗಿಂತ ಹಲವು ಪಟ್ಟು ಹೆಚ್ಚು ಕಂಡುಬಂದಿರುತ್ತದೆ. ಹಿಂದಿನದೂ ಮುಂದಿನದೂ ಮೇಘಾಳ ಕಿವಿಗೆ ಬೀಳಲಿಲ್ಲ. ‘ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ’ ಎಂಬ ಮಾತು ಅವಳದು. ಇಂಗ್ಲಿಷಿನಲ್ಲಿ ಅವಳೇ ಬರೆದಿದ್ದಳು. ಯಾರೋ ಅದನ್ನು ಕನ್ನಡಕ್ಕೆ ತಂದಿದ್ದರು.

ಕೈಯೊಳಗಿನ ಪೊಟ್ಟಣ ಎಣ್ಣೆ ಬಿಡುತ್ತಿತ್ತು. ತಾನು ಯಾಕೆ ಬಂದೆನೆಂದು ಅವಳು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮೇಘಾಳ ತಾಯಿ ಮೂಕಮ್ಮ ಹಿರೇಕೊಟ್ನೆಕಲ್‌ನಿಂದ ದಿನಾ ಬಂದು ಇದೇ ಓಣಿಯಲ್ಲಿ ಮಂಡಾಳಿನ ಉಸುಕು ಜರಡಿ ಹಿಡಿದಾಕೆ. ಕೆಮ್ಮುತ್ತಲೇ ಮಗಳನ್ನು ಇಂಜಿನಿಯರಿಂಗ್ ಓದಿಸಿ, ಕೆಮ್ಮುತ್ತಲೇ ಹೋಗಿಬಿಟ್ಟಳು. ಮೇಘಾ ನೌಕರಿ ಹುಡುಕಲಿಲ್ಲ. ಭತ್ತದ ಹೊಟ್ಟನ್ನು ನೇರ ಒಲೆಗೆ ಸುರಿದರೆ ತಾನೇ ಹೊಗೆ? ಕಬ್ಬಿಣದ ಡ್ರಮ್ಮಿನಲ್ಲಿ ಗಾಳಿ ಕಡಿಮೆ ಕೊಟ್ಟು ಕಂದಿಸಿದರೆ ಅದೇ ಹೊಟ್ಟು ಗ್ಯಾಸ್ ಬಿಡುತ್ತದೆ. ಆ ಗ್ಯಾಸು ಹೊಗೆಯಿಲ್ಲದೆ ಉರಿಯುತ್ತದೆ. ಪುಸ್ತಕದಲ್ಲಿ ಹಳೆಯ ಸಂಗತಿಯೇ. ಮಂಡಾಳಿನ ಭಟ್ಟಿಗೆ ಬೇಕಾದ ಹಾಗೆ, ಅಲ್ಲಿಯವರಿಗೆ ನಿಲುಕುವ ಹಾಗೆ ಯಾರೂ ಮಾಡಿರಲಿಲ್ಲ. ದೇವದುರ್ಗದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಮೌನೇಶ ಜೊತೆಗೂಡಿದ. ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಕೆಲಸ ಬಿಟ್ಟು ಡ್ರಮ್ಮು ಕಟ್ಟಿದ, ಕತ್ತರಿಸಿದ, ಮತ್ತೆ ಕಟ್ಟಿದ. ಇಬ್ಬರ ಹೆಸರಿನಲ್ಲೂ ಒಂದು ಸಣ್ಣ ಕಂಪನಿ ಆಯಿತು.

ಇಂಧನದ ಹೊಸ ತಂತ್ರ ಕಂಡುಹಿಡಿಯುವ ಸಣ್ಣ ಉದ್ಯಮಗಳಿಗೆ ಸರ್ಕಾರ ಸಂಶೋಧನೆಯ ಅನುದಾನ ಕೊಡುತ್ತದೆಂದು ತಿಳಿದು ಅರ್ಜಿ ಹಾಕಿದ್ದರು. ಮಾದರಿ ಮಾಡಿ ತೋರಿಸಲು ಮೊದಲ ಹಂತದ ಹಣ ಬಂತು. ನಿಜವಾದ ಭಟ್ಟಿಯಲ್ಲಿ ಕೂರಿಸಿ ನಡೆಸಲು ಎರಡನೆಯ ಹಂತ. ಅದಕ್ಕೆ ಕೇಳಿದಾಗ, ಸಮಸ್ಯೆ ಅಷ್ಟೇನೂ ಗಂಭೀರವಾಗಿ ತೋರುವುದಿಲ್ಲ, ಹೊಗೆಯ ಅಳತೆ ಮತ್ತೊಮ್ಮೆ ಕಳಿಸಿ ಎಂದು ಅರ್ಜಿ ದಿಲ್ಲಿಯಿಂದ ವಾಪಸು ಬಂತು.

ಅಳೆಯುವ ಯಂತ್ರ ಹೊತ್ತು ಬಂದ ಮೇಘಾಳನ್ನು ಆ ಚಳಿಗಾಲದಲ್ಲಿ ಭಟ್ಟಿಯಿಂದ ಭಟ್ಟಿಗೆ ಕರೆದೊಯ್ದವಳು ಖತೀಜಾ ಬೀ. “ಮೂಕಮ್ಮನ ಮಗಳು. ನಮಗ ಚಲೋ ಒಲಿ ಕೊಡಸಾಕ ಬಂದಾಳ. ಒಳಗ ಬಿಡ್ರಿ,” ಎಂದು ಹೇಳಿ ಎಲ್ಲರ ಬಾಗಿಲೂ ತೆಗೆಸಿದ್ದಳು. ತನ್ನ ಭಟ್ಟಿಗೆ ಬಂದಾಗ ತಾನೇ ಎದ್ದು ಬಾಗಿಲು ಮುಚ್ಚಿದ್ದಳು. “ತೆರೆದಿಟ್ರ ಗಾಳಿಗಿ ಹೊಗಿ ಹೊರಗ ಹೋಗ್ತದ. ಹಿಂಗ ಮುಚ್ಚಿ ಅಳಿ. ದಿಲ್ಲಿಯವರಿಗಿ ಬರೊಬ್ಬರಿ ಗೊತ್ತಾಗಲಿ.” ಕಣ್ಣಲ್ಲಿ ನೀರು ಸುರಿಸುತ್ತ, ಗೋಪಮ್ಮನೂ ಮೇಘಾಳೂ ಅವಳೂ ಕೆಮ್ಮಿ ಕೆಮ್ಮಿ ನಕ್ಕಿದ್ದರು. ಮುಚ್ಚುವುದು ಬೇಡ ಎಂದು ಮೇಘಾ ಹೇಳಲಿಲ್ಲ. ಅಂಕಿ ಏರುವುದನ್ನು ನೋಡುತ್ತ ಅವಳಿಗೆ ಖುಷಿಯೇ ಆಗಿತ್ತು. ದಿಲ್ಲಿಗೆ ಕಳಿಸಿದ್ದು ಆ ಅಂಕಿಯನ್ನೇ; ಅದರ ಮೇಲೆ ಎರಡನೆಯ ಹಂತ ಮಂಜೂರಾಗಿ, ಆ ಸುದ್ದಿ ಹೇಳಲೆಂದೇ ಜಿಲೇಬಿ ಕಟ್ಟಿಸಿಕೊಂಡು ಬಂದಿದ್ದಳು.

ಬೀಗ ಬಿದ್ದ ಮಾರನೆಯ ದಿನ ಮೇಘಾ ರಾಯಚೂರಿನಲ್ಲಿ ಹೊಗೆಯ ದೂರುಗಳನ್ನು ನೋಡುವ ಕಚೇರಿಗೆ ಹೋದಳು. ಜಗಳಕ್ಕೆಂದೇ ಹೋಗಿದ್ದಳು. ಅಲ್ಲಿಯ ಅಧಿಕಾರಿ ಅವಳ ಹೆಸರು ಕೇಳಿದ್ದೇ ಎದ್ದು ನಿಂತು ಕುರ್ಚಿ ತೋರಿಸಿದ.

“ನೀವಾ? ಬರ್ರಿ ಮೇಡಂ, ಕುಂದರ್ರಿ. ನಿಮ್ಮ ರಿಪೋರ್ಟ್ ನೋಡಿ ಭಾಳ ಖುಷಿ ಆತು. ನಮ್ಮ ಜಿಲ್ಲಾದಾಗ ಹಿಂತಾ ಕೆಲಸ ಯಾರು ಮಾಡ್ಯಾರ್ರಿ? ನಮ್ಮ ಹತ್ರ ಅಳಿಯೋ ಮಷೀನ್ ಕೆಟ್ಟು ಯಾವ ಕಾಲ ಆತು.”

“ಸರ್, ಅದು ಒಲಿ ಬದಲಿ ಮಾಡಾಕ ಅಳದಿದ್ದು. ಭಟ್ಟಿ ಮುಚ್ಚಾಕ ಅಲ್ಲ.”

“ಹೌದೌದು. ಆದ್ರ ಹೊಗಿ ಹೊಗೀನ ಅಲ್ರಿ?” ಅವನ ಧ್ವನಿಯಲ್ಲಿ ವ್ಯಂಗ್ಯ ಇರಲಿಲ್ಲ. “ಲೇಔಟಿನವರು ಕೋರ್ಟಿಗಿ ಹೋಗ್ತೀವಿ ಅಂದ್ರು. ನಿಮ್ಮದು ಸರ್ಕಾರದ ವೆಬ್‌ಸೈಟ್‌ನಾಗ ಇತ್ತು. ಸರ್ಕಾರದ ರೊಕ್ಕದಾಗ ಮಾಡಿದ್ದು ಎಲ್ಲರದೂ ಆತಲ್ಲ.”

“ಬಾಗಲಾ ಮುಚ್ಚಿ ಅಳದಿದ್ದು ಸರ್. ದಿನಾ ಹಂಗ ಇರಂಗಿಲ್ಲ. ಇನ್ನೊಮ್ಮಿ ತೆರೆದಿಟ್ಟು ಅಳದು ಕೊಡ್ತೀನಿ.”

ಅಧಿಕಾರಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಹಂಗಂದ್ರ ಮೊದಲಿಂದು ತಪ್ಪು ಅಂತ ಬರದು ಕೊಡ್ತೀರೇನು? ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಅದರ ಮ್ಯಾಲ ನಿಮಗ ಅನುದಾನ ಮಂಜೂರು ಆಗ್ಯಾದಂತ ಕೇಳೀನಿ. ವಿಚಾರ ಮಾಡ್ರಿ.” ಅವಳ ಒಳ್ಳೆಯದಕ್ಕೇ ಹೇಳಿದ ಹಾಗಿತ್ತು. ಚಹಾ ತರಿಸಿದ. ಅವಳು ಕುಡಿದಳು ಕೂಡ.

ದೇವದುರ್ಗಕ್ಕೆ ಹೋಗಿ ಹೇಳಿದಾಗ ಮೌನೇಶ ವೆಲ್ಡಿಂಗ್ ನಿಲ್ಲಿಸಿ ಕನ್ನಡಕ ಹಣೆಗೇರಿಸಿದ. ವಿಷಯ ಅವನಿಗೆ ಆಗಲೇ ಗೊತ್ತಿತ್ತು. ಅನುದಾನದ ಕಚೇರಿಗೆ ಫೋನು ಕೂಡ ಮಾಡಿದ್ದ. ಬೀಗ ಬಿದ್ದ ಭಟ್ಟಿಯಲ್ಲಿ ಪ್ರಯೋಗ ನಡೆಸುವಂತಿಲ್ಲ, ನಡೆಯುತ್ತಿರುವ ಬೇರೆ ಜಾಗ ತೋರಿಸಿದರೆ ಸಾಕು ಎಂದಿದ್ದರಂತೆ.

“ಮಾನ್ವಿ ಮಲ್ಲಯ್ಯನವರ ಅಕ್ಕಿ ಮಿಲ್ಲಿನಾಗ ಮಾತಾಡೀನಿ ಮೇಘಕ್ಕ. ಭತ್ತ ಒಣಗಸಾಕ ಅವರಿಗಿ ಬಿಸಿ ಗಾಳಿ ಬೇಕು. ಹೊಟ್ಟು ಅಲ್ಲೇ ಅದ. ಜಾಗಾನೂ ಕೊಡ್ತಾರಂತ.”

“ಮಲ್ಲಯ್ಯಗ ನಮ್ಮ ಒಲಿ ಯಾಕ ಬೇಕಲೇ? ಅವನ ಚಿಮಣಿ ಮುಗಿಲ ಮುಟ್ಯಾದ. ಅವನ ಹೊಗಿ ಯಾರೂ ಅಳದಿಲ್ಲ.”

“ಪುಕ್ಕಟಿ ಬರೂದು ಯಾರು ಬ್ಯಾಡ ಅಂತಾರ?” ಮೌನೇಶ ಡ್ರಮ್ಮಿನ ಮೇಲೆ ಕೂತ. “ನೀ ಖತೀಜಾ ಖಾಲಾನ ಮುಂದ ಏನೂ ಹೇಳಬ್ಯಾಡ. ಲೇಔಟಿನವರು ಮಾಡ್ಯಾರಂತ ತಿಳದಾಳ, ತಿಳಕೊಂಡಿರಲಿ. ಹೇಳಿದ್ರ ಅರಗು ಕಿತ್ತು ಬರ್ತದೇನು?”

“ಹೇಳದಿದ್ರ?”

“ಹೇಳದಿದ್ರ ನಾವರ ಉಳೀತೀವಿ. ನಾ ಟ್ರಾಲಿ ಕಟ್ಟೂದು ಬಿಟ್ಟು ನಿನ್ನ ಹಿಂದ ಬಂದೀನಿ. ಇಲ್ಲೇ ಬಾಜೂ ಜಾಲಹಳ್ಳಿ ಮಂದಿ ಟ್ರಾಲಿಗಿ ಆಗಿನಿಂದ ಬ್ಯಾರೆಯವನ ಹತ್ರ ಹೋಗಾಕತ್ತಾರ. ಈಗ ಇದನ್ನೂ ಬಿಡು ಅಂದ್ರ ನಾ ಏನ ಕಟ್ಟಲಿ?”

ಅವನು ಕನ್ನಡಕ ಇಳಿಸಿಕೊಂಡು ಮತ್ತೆ ಕಿಡಿ ಹಾರಿಸತೊಡಗಿದ. ಆ ಬೆಳಕನ್ನು ನೋಡಬಾರದೆಂದು ಗೊತ್ತಿದ್ದೂ ಮೇಘಾ ನೋಡುತ್ತ ನಿಂತಳು.

ಆದರೂ ಶುಕ್ರವಾರ ಮಧ್ಯಾಹ್ನ ಅವಳು ಖತೀಜಾ ಬೀಯ ಮನೆಗೆ ಹೋದಳು. ಪಡಸಾಲೆಯಲ್ಲಿ ಗೋಪಮ್ಮ ಗೋಡೆಗೆ ಒರಗಿ, ಹಿಂದಿನ ವಾರ ಹುರಿದು ಉಳಿದಿದ್ದ ಮಂಡಾಳು ಹಸನು ಮಾಡುತ್ತಿದ್ದಳು. ಕೆಲಸವಿಲ್ಲದಿದ್ದರೂ ಬಂದು ಕೂರುತ್ತಿದ್ದಳಂತೆ. ಖತೀಜಾ ಬೀ ಆಗಷ್ಟೇ ನಮಾಜು ಮುಗಿಸಿ, ಚಾಪೆ ಮಡಚುತ್ತ, “ರಾಯಚೂರಾಗ ಯಾರಾದ್ರೂ ಪರಿಚಯದವರು ಅದಾರೇನು ಬೇಟಿ? ನೀ ಓದಿದಾಕಿ. ನಿನ್ನ ಅಳತಿ ತೋರಿಸಿ ಹೇಳು, ಈಕಿ ಒಲಿ ಬದಲಿ ಮಾಡೂದ್ರಾಗ ಇದ್ಳು ಅಂತ,” ಎಂದಳು.

“ಖಾಲಾ, ಅವರ ಹತ್ರ ಇರೂದು ನನ್ನ ಅಳತಿನ.”

ಖತೀಜಾ ಬೀಗೆ ಅರ್ಥವಾಗಲಿಲ್ಲ. ಮೇಘಾ ಮೊದಲಿನಿಂದ ಹೇಳಿದಳು. ದಿಲ್ಲಿಗೆ ಕಳಿಸಿದ್ದು, ಅದು ಎಲ್ಲರಿಗೂ ಕಾಣುವ ಹಾಗೆ ಇಟ್ಟದ್ದು, ಇಲ್ಲಿಯವರು ತೆಗೆದುಕೊಂಡದ್ದು, ಅವತ್ತು ಓದಿದ ಪಂಚನಾಮೆಯಲ್ಲಿದ್ದ ಮಾತು. ಕೊನೆಗೆ, “ನನಗ ಗೊತ್ತಿರಲಿಲ್ಲ ಖಾಲಾ,” ಎಂದಳು. ಹೇಳಿದ ಮೇಲೆ ಆ ಮಾತು ಬೇಡವಾಗಿತ್ತು ಎನಿಸಿತು.

ಮಂಡಾಳು ಹಸನು ಮಾಡುತ್ತಿದ್ದ ಗೋಪಮ್ಮನ ಕೈ ನಿಂತಿತು. ಖತೀಜಾ ಬೀ ಚಾಪೆಯನ್ನು ಮೂಲೆಗೆ ಒರಗಿಸಿ ಬಂದು ಕೂತಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಮೇಘಾ ಕಾದಳು. ಅದಾವುದೂ ಆಗಲಿಲ್ಲ.

“ಬ್ಯಾರೆ ಭಟ್ಟಿಯವರಿಗಿ ಹೇಳಿಯೇನು?”

“ಇಲ್ಲ. ಎಲ್ಲರ ಮನಿಗೂ ಹೋಗಿ ಹೇಳ್ತೀನಿ.”

“ಹೇಳಬ್ಯಾಡ.” ಧ್ವನಿ ತಗ್ಗಿತ್ತು. “ನಿನ್ನ ಕರಕೊಂಡು ಹೋದಾಕಿ ನಾನು. ನನ್ನ ಮುಖಾ ನೋಡಿ ಅವರು ಬಾಗಲಾ ತೆಗೆದ್ರು. ನೀ ಹೇಳಿ ರಾಯಚೂರು ಬಸ್ ಹತ್ತತಿ. ನಾ ಈ ಓಣ್ಯಾಗ ಬಾಳೇ ಮಾಡಬೇಕು.”

“ಖಾಲಾ, ತಪ್ಪು ನಂದು, ನಿಂದಲ್ಲ—”

“ಬಾಗಲಾ ಯಾರು ಮುಚ್ಚಿದ್ರು? ನಾನ ಎದ್ದು ಮುಚ್ಚಿದ್ನಲ್ಲ.” ಗೋಪಮ್ಮನ ಮೊರದಿಂದ ಒಂದು ಹಿಡಿ ಮಂಡಾಳು ತೆಗೆದು ನೋಡಿ ಮತ್ತೆ ಹಾಕಿದಳು. “ನಿಮ್ಮವ್ವ ನನ್ನ ಭಟ್ಟ್ಯಾಗ ಕೆಮ್ಮಿದ್ಳು. ಅದಕ್ಕ ನೀ ಅಳ್ಯಾಕ ಬಂದಾಗ ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಲೆಕ್ಕ ಮುಗೀತು ಅಂತ ತಿಳಕೊಂತೀನಿ. ಇನ್ನ ಮುಂದ ಬರಬ್ಯಾಡ.”

ಮೇಘಾ ಎದ್ದಳು. ಚಪ್ಪಲಿ ಮೆಟ್ಟುವಾಗ ಗೋಪಮ್ಮನ ಕಡೆ ನೋಡಿದಳು. ಗೋಪಮ್ಮ ಮೊರದಲ್ಲಿನ ಹರಳುಗಳನ್ನು ಒಂದೊಂದಾಗಿ ಆರಿಸಿ ಹೊರಗೆ ಹಾಕುತ್ತಿದ್ದಳು.

ಜಾಗ ಬದಲಿಸುವ ಕಾಗದಕ್ಕೆ ಆ ವಾರವೇ ಮೇಘಾ ಸಹಿ ಹಾಕಿದಳು. ಪೆನ್ನು ಕೊಟ್ಟವನು ಮೌನೇಶ.

ಸುಗ್ಗಿಯ ಹೊತ್ತಿಗೆ ಮಲ್ಲಯ್ಯನ ಮಿಲ್ಲಿನಲ್ಲಿ ದೊಡ್ಡ ಒಲೆ ಎದ್ದು ನಿಂತಿತು. ದಿಲ್ಲಿಯಿಂದ ಸಮಿತಿಯವರು ಬಂದರು. ಮಲ್ಲಯ್ಯ ಹಣೆತುಂಬ ವಿಭೂತಿ ಹಚ್ಚಿಕೊಂಡು, ಒಬ್ಬೊಬ್ಬರಿಗೂ ಶಾಲು ಹೊದಿಸಿ, “ನಮ್ಮ ಊರಿನ ಹೆಣ್ಣುಮಗಳು ಕಂಡುಹಿಡದದ್ದು ಸಾಹೇಬ್ರ, ನಮ್ಮ ಮನಿ ಮಗಳಿದ್ದಂಗ,” ಎಂದ. ಅವನ ಮನೆಯ ಪಡಸಾಲೆಯನ್ನು ಮೇಘಾ ಇನ್ನೂ ಕಂಡಿರಲಿಲ್ಲ. ಹೊಸ ಅಂಗಿ ತೊಟ್ಟ ಮೌನೇಶ ಗಾಳಿಯ ತಿರುಪು ತಿರುಗಿಸಿ ಕಡ್ಡಿ ಗೀರಿದ. ಉರಿ ಮೊದಲು ಹಳದಿಯಾಗಿ ತಡವರಿಸಿ, ಆಮೇಲೆ ನೀಲಿಗೆ ತಿರುಗಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಲೆಯಷ್ಟೇ ದೊಡ್ಡದಾಗಿ ಹಿಂದೆ ಬ್ಯಾನರ್ ಕಟ್ಟಿದ್ದರು. ಎಡಗಡೆ ‘ಮೊದಲು’, ಬಲಗಡೆ ‘ನಂತರ’. ನಂತರದ ಅಂಕಿ ಈ ಮಿಲ್ಲಿನದು. ಮೊದಲಿನದು ಖತೀಜಾ ಬೀಯ ಭಟ್ಟಿಯದು, ಮುಂಜಾನೆಯದು. ಎರಡೂ ಒಂದೇ ಜಾಗದ್ದಲ್ಲ ಎಂದು ಮೇಘಾ ಹೇಳಿದ್ದಳು. ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಇರಲಿ ಎಂದಿದ್ದರು.

ಹೊಟ್ಟು ಹಾಕುವುದರ ಒಂದು ಫೋಟೋ ಬೇಕೆಂದು ಸಮಿತಿಯವರೊಬ್ಬರು ಸೂಚಿಸಿದರು. ಮಲ್ಲಯ್ಯ ಕೂಗಿದ. ಹೊಟ್ಟಿನ ರಾಶಿಯ ಹಿಂದಿನಿಂದ ಪುಟ್ಟಿ ಹೊತ್ತುಕೊಂಡು ಗೋಪಮ್ಮ ಬಂದಳು. ಭಟ್ಟಿಯ ಓಣಿಯ ಹೆಂಗಸರಲ್ಲಿ ಕೆಲವರು ಮಿಲ್ಲಿಗೆ ಸೇರಿದ್ದಾರೆಂದು ಮೇಘಾ ಕೇಳಿದ್ದಳು, ಯಾರೆಂದು ವಿಚಾರಿಸಿರಲಿಲ್ಲ. ಗೋಪಮ್ಮ ಮೂಗು ಬಾಯಿ ಮುಚ್ಚುವಂತೆ ಸೆರಗನ್ನು ಬಿಗಿಯಾಗಿ ಕಟ್ಟಿಕೊಂಡಿದ್ದಳು. ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

“ಯವ್ವಾ, ಸೆರಗು ಬಿಚ್ಚು,” ಎಂದ ಫೋಟೋದವನು. “ಇಲ್ಲಿ ಹೊಗಿ ಎಲ್ಲಿ ಅದ?”

ಗೋಪಮ್ಮ ಅವನನ್ನು ನೋಡಲಿಲ್ಲ. ಮೇಘಾಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಡ್ರಮ್ಮಿನ ಬಾಯಿಗೆ ಪುಟ್ಟಿ ಬಗ್ಗಿಸಿ ಹೊಟ್ಟು ಸುರಿದು, ಎದ್ದ ದೂಳಿನ ನಡುವೆ ಸೆರಗಿನ ಗಂಟನ್ನು ಇನ್ನಷ್ಟು ಬಿಗಿದುಕೊಂಡು, ಮತ್ತೊಂದು ಪುಟ್ಟಿ ತುಂಬಲು ರಾಶಿಯ ಕಡೆಗೆ ನಡೆದಳು.