ಲೆಕ್ಕದಕ್ಕನ ಕಲ್ಲು

ನೀಲಿ ಕೋಟಿನ ಪಕ್ಕದ ಹೊಲಿಗೆಯನ್ನು ದರ್ಜಿ ಇನ್ನೂ ಬಿಚ್ಚುತ್ತಲೇ ಇದ್ದ.

"ಭಾವ, ಸಾಕು ಬಿಡಿ. ಮೂರಕ್ಕೆ ಗಾಡಿ ಬರತ್ತೆ," ನಾದಿನಿ ಬಾಗಿಲಲ್ಲಿ ನಿಂತು ಅಂದಳು. "ಪೆಟ್ಟಿಗೆಯೊಳಗೆ ಅಳತೆ ಯಾರು ನೋಡ್ತಾರೆ?"

"ನಿಮ್ಮಕ್ಕ ನೋಡ್ತಿದ್ದಳು."

ನಾಲ್ಕು ತಿಂಗಳ ಕಾಯಿಲೆಯಲ್ಲಿ, ತೀರಿಕೊಳ್ಳುವ ಹೊತ್ತಿಗೆ ಹೆಂಡತಿ ಎಷ್ಟು ಇಳಿದುಹೋಗಿದ್ದಳೆಂದರೆ, ಎರಡೂ ಪಕ್ಕ ಒಂದೊಂದು ಅಂಗುಲ ಒಳಗೆ ಹಿಡಿದರೂ ಕೋಟು ದೊಗಲೆಯಾಗಿಯೇ ಇತ್ತು. ಅವನು ಮತ್ತೆ ಕತ್ತರಿ ಎತ್ತಿಕೊಂಡ. ನಾದಿನಿ ಬಂದು ಸೂಜಿಗೆ ದಾರ ಪೋಣಿಸಿಕೊಟ್ಟಳು.

*

ಮೂವತ್ತನಾಲ್ಕು ವರ್ಷ ಅವನ ಹೆಂಡತಿ ವೀಕ್ಷಣಾಲಯದ ತಣ್ಣನೆಯ ನೆಲಮಾಳಿಗೆಯಲ್ಲಿ ಕೂತು, ಬೇರೆಯವರು ದೂರದರ್ಶಕದಿಂದ ಆಕಾಶದ ಫೋಟೋ ತೆಗೆದ ಗಾಜಿನ ಫಲಕಗಳ ಮೇಲೆ ಚುಕ್ಕಿಗಳ ಅಂತರ ಅಳೆದಿದ್ದಳು. ಅಲ್ಲಿ ಎಲ್ಲರಿಗೂ ಅವಳು ಲೆಕ್ಕದಕ್ಕ.

ಮೂವತ್ತೆಂಟನೇ ವಯಸ್ಸಿನಲ್ಲಿ ಒಂದು ಫಲಕದ ಮೂಲೆಯಲ್ಲಿ ಕೂದಲೆಳೆಯಂಥ ಗೀರು ಕಂಡಳು. ಭೂಮಿಯ ಹತ್ತಿರ ಹಾದುಹೋಗುತ್ತಿದ್ದ ಪುಟ್ಟ ಕ್ಷುದ್ರಗ್ರಹ; ಹೆಚ್ಚೆಂದರೆ ಒಂದು ಮನೆಯಷ್ಟು ದೊಡ್ಡ ಕಲ್ಲು. ಒಂಬತ್ತು ದಿನ ಕಂಡು ಮರೆಯಾಯಿತು. ಆ ಒಂಬತ್ತು ದಿನದ ಅಳತೆ ಹಿಡಿದು ಎರಡು ತಿಂಗಳು ಅದರ ಕಕ್ಷೆಯನ್ನು ಕೈಯಲ್ಲೇ ಲೆಕ್ಕ ಹಾಕಿದಳು. ಅದೂ ಭೂಮಿಯೂ ತಮ್ಮ ತಮ್ಮ ದಾರಿಯಲ್ಲಿ ಸೂರ್ಯನನ್ನು ಸುತ್ತಿ ಸುತ್ತಿ, ಇಪ್ಪತ್ತಮೂರು ವರ್ಷಕ್ಕೆ ಮತ್ತೆ ಒಂದೇ ತಿರುವಿಗೆ ಬರುತ್ತವೆ ಎಂದು ಬರೆದಿಟ್ಟಳು.

"ನಿಜವಾಗ್ಲೂ ಬರತ್ತಾ?" ದರ್ಜಿ ಊಟದ ಹೊತ್ತಿಗೆ ಕಾಲೆಳೆಯುತ್ತಿದ್ದ.

"ದರ್ಜಿಗಳ ಹಾಗಲ್ಲ ಅದು. ಹೇಳಿದ ದಿನಕ್ಕೆ ಬರತ್ತೆ."

ಹೇಳಿದ್ದಕ್ಕಿಂತ ಹನ್ನೊಂದು ದಿನ ಮುಂಚೆಯೇ ಬಂತು. ಅಷ್ಟರಲ್ಲಿ ಅವಳು ನಿವೃತ್ತಳಾಗಿದ್ದಳು. ಎರಡೇ ದಿನ, ಸೂರ್ಯ ಹುಟ್ಟುವ ಮುಂಚೆ ಅರ್ಧ ಗಂಟೆ ಕಾಣುತ್ತದೆ, ಬನ್ನಿ ಎಂದು ವೀಕ್ಷಣಾಲಯದಿಂದ ಕರೆ ಬಂತು. ಅಷ್ಟು ವರ್ಷದಲ್ಲಿ ಅವಳು ದೂರದರ್ಶಕಕ್ಕೆ ಒಮ್ಮೆಯೂ ಕಣ್ಣಿಟ್ಟವಳಲ್ಲ. ಅದು ಅವಳ ಕೆಲಸವಾಗಿರಲಿಲ್ಲ. ಹೋಗಬೇಕಾದ ದಿನದ ಹಿಂದಿನ ಮಧ್ಯಾಹ್ನ ಅಂಗಡಿಯಲ್ಲಿ ದರ್ಜಿಗೆ ಎದೆನೋವು ಕಾಣಿಸಿಕೊಂಡಿತು.

ಮೂರನೇ ದಿನ ಆಸ್ಪತ್ರೆಯಲ್ಲಿ ಸರಿಯಾಗಿ ಕಣ್ಣು ಬಿಟ್ಟಾಗ ಅವನು ಮೊದಲು ಕೇಳಿದ್ದು, "ನೋಡಿದೆಯಾ?"

"ಎರಡು ದಿನಾನೂ ಮೋಡ. ಹೋಗಿದ್ರೂ ಏನೂ ಕಾಣ್ತಿರಲಿಲ್ಲ. ನೀವು ತಲೆ ಕೆಡಿಸ್ಕೋಬೇಡಿ," ಅಂದಳು.

ಐದು ವರ್ಷ ಅವನು ಆ ಮೋಡವನ್ನು ನಂಬಿಕೊಂಡಿದ್ದ.

*

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ. ಲೆಕ್ಕದಕ್ಕನ ಕೈಕೆಳಗೆ ಕೆಲಸ ಕಲಿತ ಖಗೋಳಜ್ಞೆ ಬಂದು ದರ್ಜಿಯ ಪಕ್ಕ ಕೂತಳು.

"ಆ ಹನ್ನೊಂದು ದಿನದ ತಪ್ಪು ಅವರಿಗೆ ಕೊನೇವರೆಗೂ ನುಂಗಲಾರದ ತುತ್ತಾಗಿತ್ತು," ಅಂದಳು.

"ಪಾಪ, ಮೋಡ ಇರದಿದ್ರೆ ಒಮ್ಮೆ ಕಣ್ಣಾರೆಯಾದ್ರೂ ನೋಡ್ತಿದ್ದಳು."

"ಮೋಡವಾ? ಆಕಾಶ ತೊಳೆದಿಟ್ಟ ಹಾಗಿತ್ತಲ್ಲ..." ಅಂದವಳು ಅಲ್ಲೇ ಮಾತು ನಿಲ್ಲಿಸಿದಳು.

ದರ್ಜಿ ಅವಳ ಕಡೆ ತಿರುಗಿ ಕೂತ.

"ಎರಡನೇ ದಿನ ನಾನೇ ಫೋನ್ ಮಾಡಿದ್ದೆ. ಕಾರ್ ಕಳಿಸ್ತೀನಿ, ಒಂದು ಗಂಟೇಲಿ ವಾಪಸ್ ಬಿಡ್ತೀನಿ ಅಂದೆ. ಪಿಸುಮಾತಲ್ಲಿ, 'ಇವರು ನನ್ನ ಬೆರಳು ಹಿಡ್ಕೊಂಡೇ ಮಲಗಿದಾರೆ, ಬಿಡಿಸ್ಕೊಂಡ್ರೆ ಎಚ್ಚರ ಆಗತ್ತೆ' ಅಂದ್ರು. ಅದು ಕಾಣೋಕೆ ಶುರುವಾದಾಗ ಮತ್ತೆ ಮಾಡಿದೆ. 'ಎಷ್ಟು ಹೊಳೀತಿದೆ? ಯಾವ ಕಡೆ ಸರೀತಿದೆ?' ಅಂತ ಕೇಳ್ತಾನೇ ಇದ್ರು. ನಾನು ನೋಡ್ತಾ ಹೇಳ್ತಾ ಹೋದೆ. ಬೆಳಕು ಹರಿಯೋವರೆಗೂ ಫೋನ್ ಇಡಲಿಲ್ಲ."

ದರ್ಜಿ ತನ್ನ ಬಲಗೈಯನ್ನೇ ನೋಡಿಕೊಂಡ.

"ಮತ್ತೆ ಯಾವಾಗ ಬರತ್ತೆ?"

"ಇನ್ನು ಹದಿನೆಂಟು ವರ್ಷ."

"ಆಗ ನನಗೆ ಎಂಬತ್ತೊಂಬತ್ತು." ಮತ್ತೆ ಕೇಳಿದ: "ಈಗ ಎಲ್ಲಿದೆ ಅದು?"

ಅವಳು ಗಡಿಯಾರ ನೋಡಿದಳು, ಕಿಟಕಿಯಲ್ಲಿ ಬಿಸಿಲು ಬೀಳುತ್ತಿದ್ದ ಕೋನ ನೋಡಿದಳು, ಮನಸ್ಸಿನಲ್ಲೇ ಏನೋ ಕೂಡಿ ಕಳೆದಳು. ಆಮೇಲೆ ಕೈಯನ್ನು ಕೆಳಕ್ಕೆ, ಹೊಸ್ತಿಲಾಚೆಯ ನೆಲದ ಕಡೆ ಓರೆಯಾಗಿ ಚಾಚಿದಳು. "ಅಲ್ಲಿ. ಭೂಮಿಯ ಆ ಬದಿಗೆ, ತುಂಬಾ ದೂರ."

ದರ್ಜಿ ಎದ್ದು ಅವಳು ತೋರಿಸಿದ ಕಡೆ ಹೋದ. ಬಂದವರ ಚಪ್ಪಲಿ, ಬೂಟುಗಳು ಅಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅವನು ಮಂಡಿಯೂರಿ ಒಂದೊಂದನ್ನೇ ಪಕ್ಕಕ್ಕೆ ಸರಿಸಿ, ಗೇಣಗಲ ಜಾಗ ಬಿಡಿಸಿಕೊಂಡು, ಆ ಬರಿ ನೆಲವನ್ನೇ ನೋಡುತ್ತ ಕೂತ.