ಶುಕ್ರವಾರದ ಬಕೆಟ್ಟು

ಖುದಾನ ಆಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ — ಚಾವಣಿಯಿಂದ ಬಿದ್ದ ಹನಿ ನೇರ ಮುಕ್ತಾರ್ ಸಾಹೇಬರ ಚಹಾದೊಳಗೇ ಬಿತ್ತು, ಲೋಟ ಸರಿಸಿದರು, ಎರಡನೇ ಹನಿಯೂ ಸರಿದು ಬಂತು, ಜಾಣ ಹನಿ, ಮೇಲಿನ ಕಲೆ ಹೋದ ವಾರ ಶ್ರೀರಂಗಪಟ್ಟಣದಲ್ಲಿತ್ತು, ಈಗ ಮಂಡ್ಯ ದಾಟಿ ಮದ್ದೂರಲ್ಲಿ ವಡೆ ತಿನ್ನುತ್ತಿದೆ, ಹೀಗೇ ಬಿಟ್ಟರೆ ರಂಜಾನಿನ ಹೊತ್ತಿಗೆ ಬೆಂಗಳೂರು, ಆಮೇಲೆ ಚಾವಣಿಯೇ ಇರುವುದಿಲ್ಲ — ಫ್ಲೋರಲ್ ಪಾರ್ಕಿನ ಈ ಬೀದಿಯಲ್ಲಿ ಈ ವರ್ಷ ಎಲೆಗಿಂತ ಫಾರ್ ಸೇಲ್ ಬೋರ್ಡುಗಳೇ ಹೆಚ್ಚು ಚಿಗುರಿವೆ, ಚಾವಣಿ ಬಿದ್ದ ಮನೆಯನ್ನು ಯಾರು ಕೊಳ್ಳುತ್ತಾರೆ, ಮೇಲ್ಮಹಡಿಯ ಬಾಡಿಗೆಯಿಂದಲೇ ಮನೆಸಾಲದ ಮಾರ್ಟ್‌ಗೇಜ್ ಉಸಿರಾಡುತ್ತಿರುವುದು, ಅದನ್ನೂ ಮೇಲಿನ ಮನೆಯ ಸುಬ್ಬು ಹಿಡಿದಿಟ್ಟಿದ್ದಾನೆ, ಮ್ಯಾನ್‌ಹಟನ್ನಿನ ಬ್ಯಾಂಕು ಕೆಲಸದಿಂದ ತೆಗೆದ ಮೇಲೆ ಹಗಲಿಡೀ ಬಾಡಿಗೆ ಕಾನೂನು ಓದಿ ಅರ್ಧ ಲಾಯರಾಗಿದ್ದಾನೆ, ಅಂಕಲ್, ಪೈಪ್ ನಿಮ್ದು, ಗೋಡೆ ನಿಮ್ದು, ಲೀಕ್ ಮಾತ್ರ ನಮ್ದಾ, ಮೊದ್ಲು ರಿಪೇರಿ ಮಾಡ್ಸಿ. ಮಾಡಿಸಿದರು. ಮೊದಲ ಪ್ಲಂಬರ್ ಗೋಡೆ ಒಡೆದ, ಎರಡನೆಯವನು ಒಡೆದದ್ದು ಸರಿಯಿಲ್ಲವೆಂದು ಇನ್ನಷ್ಟು ಒಡೆದ, ಪೈಪು ಹಪ್ಪಳದ ಹಾಗೆ ಒಣಗಿತ್ತು, ಇಬ್ಬರೂ ದುಡ್ಡು ಎಣಿಸಿಕೊಂಡು ಹೋದರು — ಒಣಗಿರಬೇಕಾದ್ದೇ, ಸೋರುವುದು ಪೈಪಲ್ಲ, ಮುಕ್ತಾರ್ ಸಾಹೇಬರಿಗೆ ಅದು ಮೊದಲ ದಿನವೇ ಗೊತ್ತಿತ್ತು.

ಗೊತ್ತಿಲ್ಲದೆ ಏನು, ಶುಕ್ರವಾರ ಬೆಳಿಗ್ಗೆ ಮಾತ್ರ ಸೋರುವ ಪೈಪು ಯಾವ ದೇಶದಲ್ಲಿದೆ, ಮೊದಲು ನಲ್ಲಿಯ ಸದ್ದು, ಬಕೆಟ್ಟು ತುಂಬುವ ಸದ್ದು, ಆಮೇಲೆ ದೊಪ್ಪೆಂದು ನೆಲಕ್ಕೆ ನೀರು, ಬ್ರಷ್ಷಿನ ಬರಬರ — ಸುಬ್ಬುವಿನ ಹೆಂಡತಿ ರೇಣು, ಹಾಸನದ ಹುಡುಗಿ, ಶುಕ್ರವಾರ ಬಚ್ಚಲು ತೊಳೆಯದೆ ಕಾಫಿ ಮುಟ್ಟದವಳು, ಈ ದೇಶದ ಬಚ್ಚಲಿನ ನೆಲದಲ್ಲಿ ನೀರು ಹೋಗಲು ತೂತೇ ಇಲ್ಲವೆಂದು ಅವಳಿಗೆ ಯಾರು ಹೇಳಬೇಕು, ಸಾಹೇಬರ ಹೆಂಡತಿ ಕನೀಜ್‌ಗೂ ಯಾರೂ ಹೇಳಿರಲಿಲ್ಲ, ಮದುವೆಯಾಗಿ ಮೈಸೂರಿನಿಂದ ಬಂದ ಮೊದಲ ಶುಕ್ರವಾರ, ಇವತ್ತು ಜುಮ್ಮಾ ಎಂದು, ಆಗಿನ ಬಾಡಿಗೆ ಮನೆಯಲ್ಲಿ, ಸಲ್ವಾರ್ ಮೊಣಕಾಲಿಗೆ ಮಡಚಿ ಬಕೆಟ್ಟು ಎತ್ತಿ ಸುರಿದಳು, ಕೆಳಗಿನ ಮನೆಯ ಓನರ್, ಗ್ರೀಕ್ ಮುದುಕ, ಕೊಡೆ ಹಿಡಿದುಕೊಂಡೇ ಮೇಲೆ ಬಂದ, ಮನೆಯಲ್ಲಿ ಉರ್ದು ಆಡುವವಳು ಬೈಯಲು ಮಾತ್ರ ಕನ್ನಡ, ನಿನ್ ಮನೆ ಬಚ್ಚಲು ತೊಳ್ದಿದ್ದಕ್ಕೆ ನನ್ನೇ ದಬಾಯಿಸ್ತೀಯೇನೋ ಮುದುಕಪ್ಪ, ಆ ಮುದುಕ ಥ್ಯಾಂಕ್ಯೂ ಎಂದು ಇಳಿದುಹೋದ — ಮರುದಿನ ಮಾಪ್ ತಂದರು, ಆಮೇಲೆ ಬದುಕಿಡೀ ಮಾಪ್, ಮಾಪ್ ಸದ್ದು ಮಾಡುವುದಿಲ್ಲ, ಮಾಪ್ ಹಿಡಿದ ಕನೀಜ್ ನೆನಪಿಗೇ ಬರುವುದಿಲ್ಲ, ಅವಳು ತೀರಿಕೊಂಡು ಮೂರನೇ ಚಳಿಗಾಲ, ಮೇಲಿನ ನೀರಿನ ಸದ್ದಿಗೆ ಕಣ್ಣು ಮುಚ್ಚಿದರೆ ಮಡಚಿದ ಸಲ್ವಾರ್, ಒದ್ದೆ ಪಾದ, ವಾಲಿದ ಬಕೆಟ್ಟು, ಅದಕ್ಕೇ ಬಾಯಿ ಮುಚ್ಚಿಕೊಂಡು ಪ್ಲಂಬರ್‌ಗಳನ್ನು ಸಾಕಿದ್ದು, ಪ್ರತಿ ಶುಕ್ರವಾರ ಇದೇ ಕುರ್ಚಿ, ಇದೇ ನೀರು ಚಹಾ.

ಈಗ ಸುಬ್ಬು ಬಾಗಿಲಲ್ಲಿ, ಸಾಕಾಯ್ತು ಅಂಕಲ್, ಐಸೆಲಿನ್‌ನಲ್ಲಿ ನನ್ ಕಸಿನ್ ಬೇಸ್‌ಮೆಂಟ್ ಖಾಲಿ ಇದೆ, ಈ ತಿಂಗ್ಳೇ ಹೊರಡ್ತೀವಿ — ಇವರು ಹೋದರೆ ಮನೆ ಬ್ಯಾಂಕಿನದು, ಹೇಳಿದರೆ ಆ ಸದ್ದು ಮಾಪಿನ ಪಾಲು, ಮೇಲೆ ಎರಡನೇ ಬಕೆಟ್ಟು ತುಂಬುತ್ತಿದೆ, ಪೈಪಲ್ಲಪ್ಪ ಅದು, ಎಂದುಬಿಟ್ಟರು, ಇಲ್ಲಿ ಬಚ್ಚಲ ನೆಲಕ್ಕೆ ತೂತಿಲ್ಲ, ನೀರು ಸುರೀಬಾರ್ದು. ಸುಬ್ಬುವಿನ ಕಿವಿ ಕೆಂಪಾಯಿತು, ಅಯ್ಯೋ ಅಂಕಲ್, ಮೊದ್ಲೇ ಹೇಳ್ಬಾರ್ದಾ, ಗೋಡೆಯೆಲ್ಲ ಒಡೆಸಿದ್ರಲ್ಲ, ಬಾಡಿಗೆ ಇವತ್ತೇ ಕೊಡ್ತೀನಿ. ಬಾಡಿಗೆ ಇರ್ಲಿ ಬಿಡಪ್ಪ, ಈ ಒಂದು ಬಕೆಟ್ ಸುರೀಲಿ, ಇದೊಂದೇ, ನನ್ ಹೆಂಡ್ತಿ ಹೊಸದಾಗಿ ಬಂದಾಗ — ಸುಬ್ಬು ಆಗಲೇ ಮೆಟ್ಟಿಲಲ್ಲಿ, ರೇಣೂ, ಸುರೀಬೇಡ, ನಿಲ್ಸು, ನಲ್ಲಿ ನಿಂತಿತು, ಬ್ರಷ್ಷೂ ನಿಂತಿತು, ಮುಕ್ತಾರ್ ಸಾಹೇಬರು ಚಾವಣಿಗೆ ಮುಖವೆತ್ತಿ ಕಣ್ಣು ಮುಚ್ಚಿದರು, ಮಡಚಿದ ಸಲ್ವಾರ್, ಒದ್ದೆ ಪಾದ, ವಾಲಿದ ಬಕೆಟ್ಟು, ಅಂಚಿನ ತನಕ ಬಂದ ನೀರು, ಅಂಚಿನಲ್ಲೇ, ವಾಲಿದ ಬಕೆಟ್ಟು, ಅಂಚಿನಲ್ಲೇ